ಶಾಲಾ ಶಿಸ್ತಿನಲ್ಲಿ ಪುನಃಸ್ಥಾಪನಾ ಕ್ರಮ: ಹೊಸೂರು–ಕೃಷ್ಣಗಿರಿ ಗಡಿಸೀಮೆ

ಶಾಲೆಯಲ್ಲಿ ಒಂದು ತಪ್ಪು ನಡೆದಾಗ ಯಾವ ನಿಯಮ ಮುರಿಯಿತು, ಮುರಿದವನಿಗೆ ಎಷ್ಟು ಶಿಕ್ಷೆ ಎಂದು ನೋಡುವುದು ರೂಢಿಯ ದಾರಿ. ಯಾರಿಗೆ ನೋವಾಯಿತು, ಆ ನೋವಿಗೆ ಏನು ಪರಿಹಾರ, ಅದನ್ನು ಮಾಡಿಕೊಡುವ ಹೊಣೆ ಯಾರದು ಎಂದು ಕೇಳುವುದು ಪುನಃಸ್ಥಾಪನಾ ಕ್ರಮ. ತಪ್ಪು ಮಾಡಿದ ವಿದ್ಯಾರ್ಥಿ, ತೊಂದರೆಗೆ ಒಳಗಾದ ವಿದ್ಯಾರ್ಥಿ, ಶಿಕ್ಷಕರು, ಬೇಕಾದರೆ ಮನೆಯವರು ಒಟ್ಟಿಗೆ ಕೂತು ಮಾತಾಡಿ, ಒಪ್ಪಿದ್ದನ್ನು ಮಾಡಿ ತೋರಿಸುವುದು ಇದರ ತಿರುಳು. ಪೆಟ್ಟು ಬಿಟ್ಟು ಮುದ್ದು ಮಾಡುವುದೆಂದು ಇದನ್ನು ತಿಳಿಯುವವರುಂಟು. ಆದರೆ ತಾನು ನೋಯಿಸಿದವನ ಎದುರು ಕೂತು ಅವನ ಮಾತನ್ನು ಕೊನೆಯವರೆಗೆ ಕೇಳುವುದು ಎರಡು ಬೆತ್ತದೇಟಿಗಿಂತ ಕಷ್ಟದ ಕೆಲಸ.

ಈ ಲೇಖನ ಈ ಕ್ರಮವನ್ನು ತಮಿಳುನಾಡಿನ ಹೊಸೂರು–ಕೃಷ್ಣಗಿರಿ ಸೀಮೆಯನ್ನು ಮುಂದಿಟ್ಟುಕೊಂಡು ನೋಡುತ್ತದೆ. ಹಿಂದೆ ಸೇಲಂ ಜಿಲ್ಲೆಗೂ, 1965ರಿಂದ ಧರ್ಮಪುರಿ ಜಿಲ್ಲೆಗೂ ಸೇರಿದ್ದ ಈ ಪ್ರದೇಶ 2004ರ ಫೆಬ್ರುವರಿ 9ರಂದು ಕೃಷ್ಣಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 18.8 ಲಕ್ಷ. ಹೊಸೂರು, ತಳಿ, ದೇಂಕಣಿಕೋಟೆ, ಅಂಚೆಟ್ಟಿ, ಶೂಲಗಿರಿ ಕಡೆ ಕನ್ನಡ, ತೆಲುಗು, ತಮಿಳು, ಉರ್ದು ಮನೆಮಾತಿನ ಮಕ್ಕಳು ಒಂದೇ ಬೀದಿಯಲ್ಲಿ, ಹಲವೆಡೆ ಒಂದೇ ಶಾಲೆಯಲ್ಲಿ ಬೆಳೆಯುತ್ತಾರೆ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ಒಂದು ಕಡೆ, ಅಂಚೆಟ್ಟಿಯ ಕಾಡಂಚಿನ ಬೆಟ್ಟದೂರುಗಳು ಇನ್ನೊಂದು ಕಡೆ ಇರುವ ಈ ಜಿಲ್ಲೆಯಲ್ಲಿ ಶಾಲೆ ತಪ್ಪಿದ ಮಗು ಎಲ್ಲಿಗೆ ಹೋಗುತ್ತದೆ ಎಂಬುದೇ ಶಿಸ್ತಿನ ಪ್ರಶ್ನೆಯನ್ನು ಬೇರೆಯಾಗಿಸುತ್ತದೆ.

ಬೆತ್ತದ ಪರಂಪರೆ

ಕನ್ನಡದ ಕೂಲಿಮಠ, ತಮಿಳಿನ ತಿಣ್ಣೈ ಪಳ್ಳಿಕೂಡ (ಜಗಲಿ ಶಾಲೆ) ಎರಡರಲ್ಲೂ ಬೆತ್ತ ಪಾಠದ ಭಾಗವೇ ಆಗಿತ್ತು. ಬಸ್ಕಿ, ಕಿವಿ ಹಿಂಡುವುದು, ಬಿಸಿಲಲ್ಲಿ ಮಂಡಿಯೂರಿಸುವುದು, ಕೈಗೆ ಹಗ್ಗ ಕಟ್ಟಿ ತೊಲೆಗೆ ನೇತುಹಾಕುವ ಕೋದಂಡ ಇವೆಲ್ಲ ಹಳೆಯ ತಲೆಮಾರಿನ ನೆನಪಿನಲ್ಲಿವೆ. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂದು ನಗುತ್ತ ಹೇಳುವಾಗಲೂ ಅದರೊಳಗೆ ನಂಬಿಕೆಯಿದೆ. ‘ಹೊಡೆದು ಬುದ್ಧಿ ಹೇಳಿ ಸಾರ್’ ಎಂದು ಮಗನನ್ನು ಸೇರಿಸುವ ದಿನವೇ ಹೇಳುವ ತಂದೆ ಇಂದಿಗೂ ಇದ್ದಾನೆ. ಹಾಗೆ ಹೇಳುವವನು ಮಗನ ಮೇಲೆ ಪ್ರೀತಿ ಇಲ್ಲದವನಲ್ಲ. ತನಗೆ ಸಿಗದ ಓದು ಮಗನಿಗೆ ದಕ್ಕಬೇಕೆಂಬ ಆಸೆಗೆ ಅವನಿಗೆ ಗೊತ್ತಿರುವ ದಾರಿ ಅದೊಂದೇ.

ಬೆತ್ತಕ್ಕೆ ಪರ್ಯಾಯ ಹುಡುಕಿದ ಪ್ರಯತ್ನವೂ ಈ ನಾಡಿಗೆ ಹೊಸದಲ್ಲ. 18ನೇ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದ ಶಾಲೆ ನಡೆಸಿದ ಆಂಡ್ರ್ಯೂ ಬೆಲ್, ಹುಡುಗರ ತಪ್ಪುಗಳನ್ನು ಪುಸ್ತಕದಲ್ಲಿ ಬರೆಸಿ, ವಾರಕ್ಕೊಮ್ಮೆ ಸಹಪಾಠಿಗಳ ಪಂಚರ ಮುಂದಿಡುತ್ತಿದ್ದ. 1797ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿನ ಕ್ರಮ ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ ಎಂಬ ಹೆಸರಲ್ಲಿ ಹಬ್ಬಿತು. ಅದು ಪುನಃಸ್ಥಾಪನೆಯಲ್ಲ, ತೀರ್ಪು ಕೊಡುವವರು ಮಾತ್ರ ಬದಲಾಗಿದ್ದರು. ಆದರೂ ಮಕ್ಕಳ ತಪ್ಪನ್ನು ಮಕ್ಕಳೇ ಕೂತು ಯೋಚಿಸಬಲ್ಲರೆಂಬ ಎಣಿಕೆ ಅದರಲ್ಲಿತ್ತು. ಗಾಂಧೀಜಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಒಬ್ಬ ವಿದ್ಯಾರ್ಥಿಗೆ ರೂಲುಕಟ್ಟಿಗೆಯಿಂದ ಹೊಡೆದು, ಅದಕ್ಕಾಗಿ ಪಶ್ಚಾತ್ತಾಪಪಟ್ಟಿದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಸೇರಿದಂತೆ ಜಿಡ್ಡು ಕೃಷ್ಣಮೂರ್ತಿಯವರ ಶಾಲೆಗಳು ಶಿಕ್ಷೆಯನ್ನೂ ಬಹುಮಾನವನ್ನೂ ಒಟ್ಟಿಗೇ ಬಿಟ್ಟವು.

ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಹೊರಟ ಒಂದು ಹೊಳೆ ಎರಡು ರಾಜ್ಯಗಳ ಸರಕಾರಿ ಶಾಲೆಗೆ ಹರಿಯಿತು. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಒಂದು ಕವಲು. 2003ರಲ್ಲಿ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಶುರುವಾಗಿ 2007ರಲ್ಲಿ ಇಡೀ ತಮಿಳುನಾಡಿಗೆ ಹರಡಿದ ಚಟುವಟಿಕೆ ಆಧಾರಿತ ಕಲಿಕೆ ಇನ್ನೊಂದು. ಟೀಚರು ಕುರ್ಚಿ ಬಿಟ್ಟು ಚಾಪೆಯ ಮೇಲೆ ಮಕ್ಕಳ ಸಮಕ್ಕೆ ಕೂರುವುದು, ಮಗು ತನ್ನ ವೇಗದಲ್ಲಿ ಕಾರ್ಡು ಮುಗಿಸುವುದು ಕಲಿಕೆಯ ವಿಧಾನವೆಂದು ಬಂದವು. ಆದರೆ ಹೆದರಿಕೆಯಿಲ್ಲದ ತರಗತಿಯೂ ನಡೆಯುತ್ತದೆಂದು ತೋರಿಸಿದ್ದೇ ಅವುಗಳ ದೊಡ್ಡ ಕೊಡುಗೆ ಎಂದು ಈ ಲೇಖಕರ ಅಭಿಪ್ರಾಯ. ಇದು ನಿಂತದ್ದು ಪ್ರಾಥಮಿಕ ತರಗತಿಗಳಲ್ಲಿ. ಮೀಸೆ ಮೂಡುವ ವಯಸ್ಸಿಗೆ ಬಂದ ಹುಡುಗರು ಮತ್ತೆ ಹಳೆಯ ಶಿಸ್ತಿಗೇ ಬಂದು ಸೇರಿದರು.

ಹೊರಗಿನಿಂದ ಬಂದ ದಾರಿ

ಪುನಃಸ್ಥಾಪನಾ ನ್ಯಾಯದ ಇಂದಿನ ರೂಪ 1974ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಲ್ಮೈರಾ ಎಂಬ ಊರಿನಲ್ಲಿ ಮೊದಲಾಯಿತೆಂದು ಹೇಳುವುದು ವಾಡಿಕೆ. ಒಂದೇ ರಾತ್ರಿ 22 ಮನೆ-ಅಂಗಡಿ-ವಾಹನಗಳನ್ನು ಹಾಳುಮಾಡಿದ ಇಬ್ಬರು ತರುಣರನ್ನು ಅಧಿಕಾರಿಗಳು ನಷ್ಟವಾದವರ ಬಾಗಿಲು ಬಾಗಿಲಿಗೂ ಕರೆದೊಯ್ದರು. ಹುಡುಗರು ತಪ್ಪೊಪ್ಪಿ, ನಷ್ಟ ಕಟ್ಟಿಕೊಟ್ಟರು. 1989ರಲ್ಲಿ ನ್ಯೂಜಿಲೆಂಡ್ ಕಾಯಿದೆ ಮಾಡಿ, ಮಾವೊರಿ ಜನರ ಪದ್ಧತಿಯಿಂದ ಪಾಠ ಕಲಿತು, ಬಾಲಾಪರಾಧದಲ್ಲಿ ಕುಟುಂಬ ಸಭೆಯನ್ನು ಮುಖ್ಯ ದಾರಿಯಾಗಿಸಿತು. ಶಾಲೆಯೊಳಗೆ ಇಂಥ ಸಭೆ ಮೊದಲು ನಡೆದದ್ದು 1994ರಲ್ಲಿ, ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಪ್ರೌಢಶಾಲೆಯೊಂದರಲ್ಲಿ, ಮಾರ್ಗರೆಟ್ ಥಾರ್ಸ್‌ಬರ್ನ್ ಎಂಬ ಆಪ್ತ ಸಲಹೆಗಾರ್ತಿಯ ಮುಂದಾಳತ್ವದಲ್ಲಿ. ಹೊಸೂರಿಗೆ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, 2001ರಲ್ಲಿ ಇಬ್ಬರು ಸ್ತ್ರೀರೋಗ ತಜ್ಞೆಯರು ಕಟ್ಟಿದ ಎನ್‌ಫೋಲ್ಡ್ ಟ್ರಸ್ಟ್ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ, ಎಲ್ಲರೂ ವೃತ್ತವಾಗಿ ಕೂತು ಮಾತಾಡುವ ಇಂಥ ಸಭೆಗಳನ್ನು ನಡೆಸುತ್ತ ಬಂದಿದೆ.

ಕಾನೂನಿನ ನೆಲೆ

ತಮಿಳುನಾಡು 2003ರಲ್ಲಿ ತನ್ನ ಶಿಕ್ಷಣ ನಿಯಮಗಳ 51ನೇ ನಿಯಮವನ್ನು ತಿದ್ದಿ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಕೇಂದ್ರದ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೂಡದೆಂದರೆ, 16ನೇ ಕಲಮು ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದೆಂದಿತು. ಆದರೆ ಆ ಕಾಯಿದೆ 6ರಿಂದ 14 ವರ್ಷದವರದು. ಜಗಳ, ಪ್ರೇಮ, ಮೊಬೈಲು, ಜಾತಿಯ ಗುಂಪುಗಾರಿಕೆ ಎಲ್ಲ ಒಟ್ಟಿಗೆ ಏಳುವ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಅದರ ಕೈ ಚಾಚುವುದಿಲ್ಲ. 2015ರ ಬಾಲನ್ಯಾಯ ಕಾಯಿದೆ 18 ವರ್ಷದವರೆಗೆ ಅನ್ವಯಿಸುತ್ತದೆ. ಅದರ 75ನೇ ಕಲಮು ಮಗುವಿನ ಮೇಲಿನ ಕ್ರೌರ್ಯವನ್ನು ಅಪರಾಧವಾಗಿಸಿದೆ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಿಗೆ ಆಪ್ತ ಸಲಹೆ, ಗುಂಪು ಸಮಾಲೋಚನೆ, ಸಮುದಾಯ ಸೇವೆಯ ದಾರಿಗಳನ್ನು 18ನೇ ಕಲಮು ತೆರೆದಿಟ್ಟಿದೆ.

ಕಾಗದ ಒಂದು, ನಡೆಯುವುದು ಇನ್ನೊಂದು. 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 65ರಷ್ಟು ಮಂದಿ ತಾವು ಪೆಟ್ಟು ತಿಂದಿದ್ದಾಗಿ ಹೇಳಿದ್ದರು. ದೈಹಿಕ ಶಿಕ್ಷೆ ತೊಲಗಿಸುವ ಮಾರ್ಗಸೂಚಿಯನ್ನು ಜಾರಿ ಮಾಡಿ ಎಂದು ಮದರಾಸು ಹೈಕೋರ್ಟು ರಾಜ್ಯಕ್ಕೆ ಆದೇಶ ಕೊಡಬೇಕಾಗಿ ಬಂದದ್ದು 2024ರಲ್ಲಿ, ನಿಯಮ ತಿದ್ದಿ ಎರಡು ದಶಕ ಕಳೆದ ಮೇಲೆ.

ಸಭೆ ನಡೆಯುವ ಬಗೆ

ಒಂದು ಸಂದರ್ಭ ಇಟ್ಟುಕೊಂಡು ನೋಡೋಣ. ತಮಿಳುನಾಡು ಸರಕಾರ ಹನ್ನೊಂದನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತದೆ. ಹಳ್ಳಿಯ ಹುಡುಗನಿಗೆ ಅದು ಮೊದಲ ಸ್ವಂತ ಆಸ್ತಿ. ಒಂದು ಸಂಜೆ ಶೆಡ್ಡಿನಲ್ಲಿ ಒಬ್ಬನ ಸೈಕಲ್ಲಿನ ಟೈರು-ಟ್ಯೂಬು ಎರಡನ್ನೂ ಯಾರೋ ಬ್ಲೇಡಿನಿಂದ ಸೀಳಿರುತ್ತಾರೆ. ಮಾಡಿದವನು ಅದೇ ಕ್ಲಾಸಿನವನೆಂದು ಮರುದಿನ ಗೊತ್ತಾಗುತ್ತದೆ. ರೂಢಿಯ ದಾರಿ ಎಲ್ಲರಿಗೂ ಗೊತ್ತು. ಎಚ್.ಎಂ. ರೂಮಿನ ಹೊರಗೆ ನಿಲ್ಲಿಸುವುದು, ‘ನಾಳೆ ಅಪ್ಪನ್ನ ಕರ್ಕೊಂಡು ಬಾ’ ಎನ್ನುವುದು, ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಂದು ಎಲ್ಲರ ಮುಂದೆ ಮಗನಿಗೆ ನಾಲ್ಕು ಬಾರಿಸುವುದು, ಹೆಚ್ಚಾದರೆ ಟಿ.ಸಿ. ಸೈಕಲ್ ಹಾಳಾದವನನ್ನು ಈ ಇಡೀ ಕ್ರಮದಲ್ಲಿ ಯಾರೂ ಏನೂ ಕೇಳುವುದಿಲ್ಲ.

ಪುನಃಸ್ಥಾಪನಾ ಕ್ರಮದಲ್ಲಿ ಮೊದಲ ಮಾತುಕತೆ ಅವನೊಡನೆಯೇ, ಒಬ್ಬನೇ ಇದ್ದಾಗ. ಏನಾಯಿತು, ಆಮೇಲೆ ನಿನಗೆ ಏನೇನು ತೊಂದರೆಯಾಯಿತು, ಏನಾದರೆ ನಿನಗೆ ಸರಿಯೆನಿಸುತ್ತದೆ ಎಂದು ಶಿಕ್ಷಕಿ ಕೇಳುತ್ತಾರೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಅದೇ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಿದ್ದೆ, ಈಗ ಕ್ಯಾನು ಹೊತ್ತು ನಡೆಯುವುದರಿಂದ ಮೊದಲ ಪೀರಿಯಡ್ಡು ತಪ್ಪುತ್ತಿದೆ ಎಂಬುದು ಆಗಷ್ಟೇ ಹೊರಬರುತ್ತದೆ. ಸೀಳಿದವನೊಡನೆ ಬೇರೆ ಮಾತುಕತೆ. ‘ಯಾಕೆ ಮಾಡಿದೆ’ ಎಂಬ ಪ್ರಶ್ನೆಯನ್ನು ಇಲ್ಲಿ ಬೇಕೆಂದೇ ಬಿಡುತ್ತಾರೆ. ಯಾಕೆ ಎಂದೊಡನೆ ಹುಡುಗ ಸುಳ್ಳು ಹುಡುಕುತ್ತಾನೆ, ಇಲ್ಲವೆ ಬಾಯಿ ಮುಚ್ಚುತ್ತಾನೆ. ಏನಾಯಿತು, ಆಗ ಮನಸ್ಸಿನಲ್ಲಿ ಏನಿತ್ತು, ಈಗ ಏನನಿಸುತ್ತಿದೆ ಎಂದು ಕೇಳಿದರೆ ಮಾತು ಬರುತ್ತದೆ. ತಾನು ತಮಿಳು ಓದುವಾಗ ಕನ್ನಡದ ರಾಗ ಬರುತ್ತದೆಂದು ವಾರಗಟ್ಟಲೆ ಅಣಕಿಸಿದರು, ಮೊದಲು ನಕ್ಕವನು ಇವನೇ ಎಂದು ಅವನು ಹೇಳಬಹುದು.

ಇಬ್ಬರೂ ಒಪ್ಪಿದ ಮೇಲೆಯೇ ಸಭೆ. ಬೆಂಚು ಸರಿಸಿ ವೃತ್ತವಾಗಿ ಕೂರುತ್ತಾರೆ. ಒಂದು ವಸ್ತು, ಡಸ್ಟರೇ ಆದೀತು, ಕೈಯಿಂದ ಕೈಗೆ ದಾಟುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಮಿಕ್ಕವರು ಕೇಳಬೇಕು, ಮಾತಾಡದೆ ದಾಟಿಸಲೂ ಬಹುದು. ಕೊನೆಗೆ ಒಪ್ಪಂದ ಬರೆಯುತ್ತಾರೆ. ಟೈರಿನ ಖರ್ಚನ್ನು ಅಪ್ಪನ ಜೇಬಿನಿಂದಲ್ಲದೆ ಹುಡುಗನೇ ರಜೆಯ ದುಡಿಮೆಯಿಂದ ಕೊಡುವುದು, ಸೈಕಲ್ ಸರಿಯಾಗುವವರೆಗೆ ಬೆಳಿಗ್ಗೆ ಹಾಲಿನ ಕ್ಯಾನು ಸಾಗಿಸಲು ಜೊತೆಯಾಗುವುದು, ಅಣಕಿಸಿದವರು ಅದನ್ನು ಒಪ್ಪಿ ನಿಲ್ಲಿಸುವುದು, ಹದಿನೈದು ದಿನ ಬಿಟ್ಟು ಮತ್ತೆ ಕೂತು ನೋಡುವುದು. ಈ ಕೊನೆಯ ಅಂಶವನ್ನು ಶಾಲೆಗಳು ಮರೆಯುವುದೇ ಹೆಚ್ಚು. ಮತ್ತೆ ಕೂರದಿದ್ದರೆ ಒಪ್ಪಂದ ಬರೀ ಕಾಗದ. ಅಣಕಿಸಿದ್ದು ಸೀಳಿದ್ದಕ್ಕೆ ಸಮಜಾಯಿಷಿ ಅಲ್ಲ, ಸೀಳಿದ್ದರಿಂದ ಅಣಕ ಮಾಫಿಯೂ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಹಿಡಿಯುವುದರಲ್ಲಿಯೇ ಸಭೆ ನಡೆಸುವವರ ಜಾಣ್ಮೆಯಿದೆ.

ಇಂಥ ಸಭೆಗಳು ಅಪರೂಪದ ಔಷಧವಾಗಿ ಉಳಿದರೆ ಫಲಿಸುವುದಿಲ್ಲ ಎಂಬುದು ನಡೆಸಿದವರ ಅನುಭವ. ಜಗಳವೇ ಇಲ್ಲದ ದಿನಗಳಲ್ಲೂ ವಾರಕ್ಕೊಮ್ಮೆ ಕ್ಲಾಸು ವೃತ್ತವಾಗಿ ಕೂತು ಮಾತಾಡುವ ರೂಢಿಯಿದ್ದರೆ ಮಾತ್ರ ಜಗಳದ ದಿನ ಮಕ್ಕಳು ಬಾಯಿ ಬಿಡುತ್ತಾರೆ.

ಗಡಿಸೀಮೆಯ ಪ್ರಶ್ನೆಗಳು

ಮಾತಿನ ಮೇಲೆ ನಿಂತ ಪದ್ಧತಿಗೆ ಯಾವ ಭಾಷೆಯ ಮಾತು ಎಂಬುದು ಇಲ್ಲಿ ಮೊದಲ ಪ್ರಶ್ನೆ. 2006ರ ತಮಿಳು ಕಲಿಕಾ ಕಾಯಿದೆ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿದ ಮೇಲೆ ಗಡಿಯ ಕನ್ನಡ, ತೆಲುಗು, ಉರ್ದು ಮಕ್ಕಳು ಶಾಲೆಯ ತಮಿಳನ್ನು ಕಲಿತಿದ್ದಾರೆ. ಆದರೆ ಪರೀಕ್ಷೆ ಬರೆಯುವಷ್ಟು ಭಾಷೆ ಬೇರೆ, ಅಳು ಉಕ್ಕುವಾಗ ನಡೆದದ್ದನ್ನು ಹೇಳುವ ಭಾಷೆ ಬೇರೆ. ಹೆಡ್‌ಮಾಸ್ಟರ ಮುಂದೆ ತಡವರಿಸುವ ಮಗು ತಪ್ಪಿತಸ್ಥನಂತೆ ಕಾಣುತ್ತದೆ, ನಿರರ್ಗಳವಾಗಿ ಮಾತಾಡುವವನು ನಿರಪರಾಧಿಯಂತೆ ಕಾಣುತ್ತಾನೆ. ಹಾಗಾಗಿ ಈ ಸೀಮೆಯಲ್ಲಿ ಸಭೆ ನಡೆಸುವವರು ಪ್ರತಿ ಮಗುವಿಗೂ ಮನೆಮಾತಿನಲ್ಲೇ ಮಾತಾಡಲು ಬಿಟ್ಟು, ಗೊತ್ತಿರುವ ಇನ್ನೊಬ್ಬರಿಂದ ಅದನ್ನು ಹೇಳಿಸಬೇಕಾಗುತ್ತದೆ. ಮಕ್ಕಳಿಗೆ ಇದು ಕಷ್ಟವಲ್ಲ. ಆಟದ ಬಯಲಿನಲ್ಲಿ ಅವರು ದಿನವೂ ಮೂರು ಭಾಷೆಯಲ್ಲಿ ಜಗಳವಾಡಿ ಮೂರು ಭಾಷೆಯಲ್ಲಿ ರಾಜಿಯಾಗುತ್ತಾರೆ.

ಎರಡನೆಯದು ಮನೆಗೆ ಕಳಿಸುವ ಶಿಕ್ಷೆ. ನಗರದ ಖಾಸಗಿ ಶಾಲೆಯಲ್ಲಿ ಒಂದು ವಾರ ಸಸ್ಪೆಂಡ್ ಎಂದರೆ ಒಂದು ವಾರವೇ. ಅಂಚೆಟ್ಟಿ, ತಳಿ ಕಡೆಯ ಬೆಟ್ಟದೂರುಗಳಲ್ಲಿ ಹಾಗೆ ಮನೆಗೆ ಬಂದ ಹುಡುಗ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹತ್ತಿರದ ಹೂವಿನ ತೋಟಕ್ಕೋ ಹೋದರೆ ಮತ್ತೆ ಬರುವುದು ಅನುಮಾನ. ಹುಡುಗಿಯ ಪಾಡು ಇನ್ನೂ ಬೇರೆ. 2025ರ ಮಾರ್ಚಿನಲ್ಲಿ, ಏಳನೇ ತರಗತಿಗೆ ಓದು ಬಿಟ್ಟು ಮನೆಯಲ್ಲಿದ್ದ ಅಂಚೆಟ್ಟಿ ಬಳಿಯ 14 ವರ್ಷದ ಬಾಲಕಿಗೆ ಬೆಂಗಳೂರಿನಲ್ಲಿ ಮದುವೆ ಮಾಡಿಸಿ, ಒಲ್ಲೆನೆಂದು ಕೂಗುತ್ತಿದ್ದವಳನ್ನು ಹೊತ್ತೊಯ್ದ ದೃಶ್ಯ ದೇಶವೆಲ್ಲ ಹರಿದಾಡಿತು, ಬಂಧನಗಳೂ ಆದವು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವುದೇ ಹೆಣ್ಣುಮಗುವಿಗೆ ಒಂದು ರಕ್ಷಣೆಯಾಗಿರುವ ಕಡೆ, ಹುಡುಗನೊಬ್ಬನ ಜೊತೆ ಮಾತಾಡಿದಳೆಂದು ಅವಳನ್ನು ಮನೆಗಟ್ಟುವುದು ಶಿಸ್ತಲ್ಲ, ಮದುವೆಗೆ ದಾರಿ ಮಾಡಿಕೊಡುವುದು. ಪುನಃಸ್ಥಾಪನಾ ಕ್ರಮದ ಪರವಾಗಿ ಈ ಜಿಲ್ಲೆಯಲ್ಲಿ ಹೇಳಬಹುದಾದ ಅತಿ ಬಲವಾದ ವಾದ ಇದು: ಮಗು ತಪ್ಪು ಮಾಡಿದಾಗಲೂ ಶಾಲೆಯೊಳಗೇ ಇರುತ್ತದೆ.

ಮೂರನೆಯದು ‘ಸೇವೆ’ಯ ಹೆಸರಿನ ಅವಮಾನ. ಹೊಸೂರಿಗೆ ಹೊಂದಿಕೊಂಡ ಕರ್ನಾಟಕದ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ 2023ರ ಡಿಸೆಂಬರಿನಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಾಗಿ ಪ್ರಾಂಶುಪಾಲರ ಬಂಧನವಾಯಿತು. ಕಸ ಗುಡಿಸುವುದು, ಶೌಚಾಲಯ ತೊಳೆಯುವುದು ಇಲ್ಲಿ ಬರಿಯ ಕೆಲಸಗಳಲ್ಲ, ಅವುಗಳ ಮೇಲೆ ಜಾತಿಯ ಮುದ್ರೆಯಿದೆ. ಬೇರೆ ದೇಶದ ಕೈಪಿಡಿಯಲ್ಲಿ ಶಾಲಾ ಆವರಣ ಸ್ವಚ್ಛಗೊಳಿಸುವುದನ್ನು ಪರಿಹಾರವೆಂದು ಬರೆದಿದ್ದರೆ ಅದನ್ನು ಹಾಗೆಯೇ ಇಲ್ಲಿ ತರಕೂಡದು. ಮಾಡಬೇಕಾದ ಪರಿಹಾರ ಆದ ನಷ್ಟಕ್ಕೆ ನೇರವಾಗಿ ಹೊಂದಬೇಕು, ನಷ್ಟವಾದವನು ಅದನ್ನು ಬೇಕೆನ್ನಬೇಕು.

ಎಲ್ಲಿ ಸಲ್ಲದು

ಊರ ಹಿರಿಯರು ಕಟ್ಟೆಯ ಮೇಲೆ ಕೂತು ಜಗಳ ಬಗೆಹರಿಸುವ ರಾಜಿ ಪಂಚಾಯಿತಿಗೂ ಇದಕ್ಕೂ ಹೋಲಿಕೆಯಿದೆ ಎಂದು ಸುಲಭವಾಗಿ ಅನ್ನಿಸುತ್ತದೆ. ಹೋಲಿಕೆ ಮೇಲುಮೇಲಿನದು. ಪಂಚಾಯಿತಿಗೆ ಊರಿನ ನೆಮ್ಮದಿ ದೊಡ್ಡದು, ಅದಕ್ಕಾಗಿ ಬಲವಿಲ್ಲದವರು ಬಾಯಿ ಮುಚ್ಚಬೇಕಾಗುತ್ತದೆ. ಪುನಃಸ್ಥಾಪನೆ ನೊಂದವರಿಂದ ಶುರುವಾಗಬೇಕು. ಈ ವ್ಯತ್ಯಾಸ ಮರೆತರೆ ಏನಾಗುತ್ತದೆಂದು ಕೃಷ್ಣಗಿರಿ ಜಿಲ್ಲೆ 2024ರ ಆಗಸ್ಟಿನಲ್ಲಿ ಕಂಡಿತು. ಬರ್ಗೂರು ಬಳಿಯ ಖಾಸಗಿ ಶಾಲೆಯೊಂದರಲ್ಲಿ ನಡೆದ ನಕಲಿ ಎನ್‌ಸಿಸಿ ಶಿಬಿರದಲ್ಲಿ ಬಾಲಕಿಯ ಮೇಲೆ ಲೈಂಗಿಕ ದೌರ್ಜನ್ಯವಾಯಿತು. ದೂರು ಕೇಳಿಯೂ ಪೊಲೀಸರಿಗೆ ತಿಳಿಸದೆ ಮುಚ್ಚಿಹಾಕಲು ನೋಡಿದರೆಂಬ ಆರೋಪದ ಮೇಲೆ ಪ್ರಾಂಶುಪಾಲರೂ ಬಂಧಿತರಾದರು. ಲೈಂಗಿಕ ಅಪರಾಧದ ಮಾಹಿತಿ ಬಂದೊಡನೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯಡಿ ಕಡ್ಡಾಯ. ಅಲ್ಲಿ ವೃತ್ತವೂ ಇಲ್ಲ, ಕ್ಷಮೆ ಕೇಳಿಸುವುದೂ ಇಲ್ಲ. ದೊಡ್ಡವರು ಮಕ್ಕಳಿಗೆ ಮಾಡಿದ ಅನ್ಯಾಯಕ್ಕಂತೂ ಈ ಕ್ರಮ ಎಂದಿಗೂ ಮುಸುಕಾಗಬಾರದು.

ಜಾತಿ ಹಿಂಸೆಯ ವಿಷಯ ಇನ್ನಷ್ಟು ತೊಡಕಿನದು. 2023ರ ಆಗಸ್ಟಿನಲ್ಲಿ ತಿರುನಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯನ್ನೂ ಅವನ ತಂಗಿಯನ್ನೂ ಅದೇ ಶಾಲೆಯ ಹುಡುಗರು ಮನೆಗೆ ನುಗ್ಗಿ ಮಚ್ಚಿನಿಂದ ಕಡಿದರು. ಹುಡುಗ ಕಿರುಕುಳದ ಬಗ್ಗೆ ಶಾಲೆಯಲ್ಲಿ ಹೇಳಿದ್ದೇ ಅದಕ್ಕೆ ಕಾರಣವಾಗಿತ್ತು. ಹೇಳಿಕೊಂಡ ಮಗುವನ್ನು ಕಾಯಲಾರದ ಶಾಲೆ ‘ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿ’ ಎನ್ನುವ ಹಕ್ಕನ್ನು ಕಳೆದುಕೊಳ್ಳುತ್ತದೆ.

ಫಲ ಎಷ್ಟು

ಹೊರದೇಶಗಳ ಪರೀಕ್ಷೆಗಳು ಹಿಗ್ಗುವಂತೆಯೂ ಇಲ್ಲ, ಕೈಬಿಡುವಂತೆಯೂ ಇಲ್ಲ. ಇಂಗ್ಲೆಂಡಿನ 40 ಪ್ರೌಢಶಾಲೆಗಳಲ್ಲಿ ಮೂರು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆದರಿಸಿ ಕಾಡುವುದು ಸ್ವಲ್ಪ ಕಡಿಮೆಯಾಗಿತ್ತು, ಒಟ್ಟಾರೆ ಆಕ್ರಮಣಶೀಲತೆ ತಗ್ಗಿರಲಿಲ್ಲ. ಅದೇ ವರ್ಷ ಬಂದ ಅಮೆರಿಕದ ಪಿಟ್ಸ್‌ಬರ್ಗಿನ 44 ಶಾಲೆಗಳ ವರದಿಯಂತೆ, ಸಸ್ಪೆಂಡ್ ಮಾಡುವುದು ಇಳಿದು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದ್ದರು. ಆದರೆ ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳ ಅಂಕಗಳು ಕುಸಿದಿದ್ದವು. ಎರಡು-ಮೂರು ವರ್ಷದಲ್ಲಿ ಶಾಲೆಯ ಸ್ವಭಾವ ಬದಲಾಗುವುದಿಲ್ಲ ಎಂಬ ಉತ್ತರ ಒಪ್ಪತಕ್ಕದ್ದೇ, ಆದರೂ ಪಾಠದ ಸಮಯ ಎಲ್ಲಿಂದ ಕಡಿದು ತರುತ್ತೀರಿ ಎಂಬ ಶಿಕ್ಷಕರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಕನ್ನಡನಾಡಿನ ಒಂದು ಅನುಭವ ಈ ಲೆಕ್ಕಕ್ಕೆ ಬೇರೆ ಕಡೆಯಿಂದ ಬೆಳಕು ಕೊಡುತ್ತದೆ. ದುಡಿಯುವ ಮಕ್ಕಳು 1990ರಲ್ಲಿ ಭೀಮ ಸಂಘ ಕಟ್ಟಿದರು. 1995ರಿಂದ ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ ಮಕ್ಕಳೇ ಮತ ಹಾಕಿ ಆರಿಸುವ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. 2006ರ ಸುಮಾರಿಗೆ ಕರ್ನಾಟಕ ಸರಕಾರ ಮಕ್ಕಳ ಗ್ರಾಮ ಸಭೆಯನ್ನು ರಾಜ್ಯಕ್ಕೇ ತಂದಿತು. ಅಲ್ಲಿ ಮಕ್ಕಳು ಕಾಲುಸಂಕ, ಶೌಚಾಲಯ, ಶಾಲೆಯ ದಾರಿಯ ಹೆಂಡದಂಗಡಿಯಂಥ ವಿಷಯ ಎತ್ತುತ್ತಾರೆ. ಶಿಸ್ತಿಗೂ ಇದಕ್ಕೂ ಏನು ಸಂಬಂಧ ಎಂದರೆ, ತನ್ನ ಮಾತಿನಿಂದ ಏನೋ ಒಂದು ಬದಲಾದದ್ದನ್ನು ಕಂಡ ಹುಡುಗ ಕೈ ಎತ್ತುವ ಮೊದಲು ಮಾತಾಡಿ ನೋಡುತ್ತಾನೆ. ಯುವಜನರ ಬೆಳವಣಿಗೆ ಎನ್ನುವುದು ಶಿಬಿರ, ಭಾಷಣಗಳಿಗಿಂತ ಹೆಚ್ಚಾಗಿ ಈ ಅಭ್ಯಾಸ.

ತಮಿಳುನಾಡಿನಲ್ಲಿ ಇದಕ್ಕೆ ಹತ್ತಿರವಾದ ತುಣುಕುಗಳಿವೆ: ಶಾಲೆಗಳ ‘ಮಾಣವರ್ ಮನಸು’ ದೂರು ಪೆಟ್ಟಿಗೆ, 14417 ಮತ್ತು 1098 ಸಹಾಯವಾಣಿ, ಪಾಲಕರಿರುವ ಶಾಲಾ ಆಡಳಿತ ಸಮಿತಿ. ನಾಂಗುನೇರಿಯ ನಂತರ ಸರಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ 2024ರ ಜೂನ್‌ನಲ್ಲಿ ವರದಿ ಕೊಟ್ಟಿತು. ಜಾತಿ ಸೂಚಿಸುವ ಬಣ್ಣದ ಕೈದಾರಗಳನ್ನು ತಡೆಯುವುದರ ಜೊತೆಗೆ, 500ಕ್ಕೂ ಹೆಚ್ಚು ಮಕ್ಕಳಿರುವ ಪ್ರೌಢಶಾಲೆಗಳಿಗೆ ಒಬ್ಬ ಶಾಲಾ ಕ್ಷೇಮಾಧಿಕಾರಿಯನ್ನು ನೇಮಿಸಬೇಕೆಂದು ಅದು ಸೂಚಿಸಿದೆ. ಹೊಸೂರು ಪಟ್ಟಣದ ದೊಡ್ಡ ಶಾಲೆಗಳಿಗೆ ಆ ಸಂಖ್ಯೆ ಹೊಂದುತ್ತದೆ. ಅಂಚೆಟ್ಟಿ, ತಳಿ ಬೆಟ್ಟದ ಕಡೆಯ ಬಹುಪಾಲು ಶಾಲೆಗಳು ಅಷ್ಟು ದೊಡ್ಡವಲ್ಲ. ಅಲ್ಲಿ ವೃತ್ತ ಕೂಡಿಸುವ ಕೆಲಸ ಎರಡು ಮೂರು ತರಗತಿಗೆ ಒಟ್ಟಿಗೆ ಪಾಠ ಹೇಳುತ್ತಿರುವ, ಮಕ್ಕಳ ಮನೆಮಾತು ಬಲ್ಲ ಶಿಕ್ಷಕ-ಶಿಕ್ಷಕಿಯರ ಪಾಲಿಗೇ ಬರುತ್ತದೆ, ಮತ್ತು ತರಬೇತಿಯೂ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ಡೂ ಮೊದಲು ಸಿಗಬೇಕಾದದ್ದು ಅವರಿಗೆ.